ಧಣಿಯ ಮಗನ ಜೈಲು, ಡ್ರೈವರನ ಪ್ರೇಮ

ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗಗಳಲ್ಲಿ ಬಂದ ಚಿತ್ರ. ‘ಸೈಡ್ ಎ’ ತೆರೆಕಂಡದ್ದು 2023ರ ಸೆಪ್ಟೆಂಬರ್ 1ರಂದು, ‘ಸೈಡ್ ಬಿ’ ಅದೇ ವರ್ಷದ ನವೆಂಬರ್ 17ರಂದು. ಕ್ಯಾಸೆಟ್ಟಿನ ಎರಡು ಮಗ್ಗುಲಿನ ಹಾಗೆ. ನೋಡಿದವರು ಅತ್ತರು. ನಾವೂ ಅತ್ತೆವು, ಸುಳ್ಳೇಕೆ ಹೇಳಬೇಕು. ಅತ್ತಾದ ಮೇಲೆ ಯಾರಿಗಾಗಿ ಅತ್ತೆವು, ಯಾರನ್ನು ಮರೆತು ಅತ್ತೆವು ಅಂತ ಕೇಳಿಕೊಳ್ಳುವುದು ಮಾತ್ರ ಬಾಕಿ ಇದೆ.

ಕತೆ ಎಲ್ಲರಿಗೂ ಗೊತ್ತಿರುವುದೇ. ಮನು (ರಕ್ಷಿತ್ ಶೆಟ್ಟಿ) ಶಂಕರ್ ಗೌಡ ಎಂಬ ಸಿರಿವಂತನ ಮನೆಯಲ್ಲಿ ಕಾರು ಓಡಿಸುವವನು. ಪ್ರಿಯಾ (ರುಕ್ಮಿಣಿ ವಸಂತ್) ಓದುತ್ತಿರುವ ಹುಡುಗಿ, ಹಾಡುಗಾರ್ತಿಯಾಗಬೇಕೆಂದವಳು. ಇಬ್ಬರಿಗೂ ಕಡಲ ಬದಿಯಲ್ಲೊಂದು ಮನೆ ಕಟ್ಟುವ ಆಸೆ. ಧಣಿಯ ಮಗ ಕಾರು ಗುದ್ದಿಸಿ ಒಂದು ಜೀವ ತೆಗೆಯುತ್ತಾನೆ. ಆ ಅಪರಾಧ ಹೊತ್ತುಕೊಂಡರೆ ಮನೆಗೆ ಬೇಕಾದ ದುಡ್ಡು ಸಿಗುತ್ತದೆ, ಬೇಗ ಬಿಡಿಸಿಕೊಂಡು ಬರುತ್ತೇವೆ ಎಂಬ ಮಾತು ನಂಬಿ ಮನು ಜೈಲಿಗೆ ಹೋಗುತ್ತಾನೆ. ಧಣಿ ಸಾಯುತ್ತಾನೆ, ಮಾತಿಗೆ ವಾರಸುದಾರರಿಲ್ಲ. ಹತ್ತು ವರ್ಷ ಕಳೆದು ಹೊರಬಂದಾಗ ಪ್ರಿಯಾ ಬೇರೊಬ್ಬನ ಹೆಂಡತಿ, ಒಂದು ಮಗುವಿನ ತಾಯಿ, ಹಾಡು ಬಿಟ್ಟವಳು.

ವಿಮರ್ಶಕರು ಇದನ್ನು ಪ್ರೇಮದ ದುರಂತ ಎಂದರು. ಬಣ್ಣದ ಬಗ್ಗೆ ಬರೆದರು, ಮೊದಲ ಭಾಗದ ನೀಲಿ, ಎರಡನೆಯದರ ಕೆಂಪು. ಚರಣ್ ರಾಜ್ ಅವರ ಸಂಗೀತದ ಬಗ್ಗೆ ಬರೆದರು. ಬರೆಯಲಿ, ಅದೆಲ್ಲ ಚೆನ್ನಾಗಿಯೇ ಇದೆ. ಆದರೆ ಮನು ಪ್ರೇಮದಿಂದ ಕೆಟ್ಟನೆ? ಅವನು ಮಾಡಿದ್ದು ಒಂದು ವ್ಯಾಪಾರ. ಮಾರಲು ಅವನ ಹತ್ತಿರ ಇದ್ದದ್ದು ತನ್ನ ಮೈ ಒಂದೇ, ಆ ಮೈ ಕಳೆಯಬಹುದಾದ ದಿನಗಳು ಮಾತ್ರ. ಅದನ್ನು ಮಾರಿದ. ಕೊಂಡವನು ಬರಹದಲ್ಲಿ ಏನೂ ಕೊಡಲಿಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹಳೆಯ ಹೆಸರಿದೆ, ಜೀತ. ಮದುವೆಗೆ, ಸಾವಿಗೆ, ಹೊಟ್ಟೆಗೆ ಸಾಲ ಮಾಡಿದ ಅಪ್ಪ ಮಗನನ್ನು ಗೌಡರ ಹಟ್ಟಿಯಲ್ಲಿ ಬಿಟ್ಟು ಬರುತ್ತಿದ್ದ. ಜೀತಪದ್ಧತಿ 1976ರ ಕಾಯ್ದೆಯಲ್ಲಿ ರದ್ದಾಯಿತು. ಹಟ್ಟಿಯ ಬದಲು ಪರಪ್ಪನ ಅಗ್ರಹಾರ ಬಂದರೆ ಅದು ಜೀತವಲ್ಲವೆ?

ಇಂಥ ವ್ಯಾಪಾರ ಹೇಗೆ ಕುದುರುತ್ತದೆ ಎಂಬುದಕ್ಕೆ ಕಾನೂನಿನಲ್ಲೇ ಉತ್ತರವಿದೆ. ಚಿತ್ರದ ಕತೆ ನಡೆಯುವ ಕಾಲಕ್ಕೆ ಭಾರತೀಯ ದಂಡಸಂಹಿತೆಯ 304-ಎ ಕಲಮಿನಡಿ ಅಜಾಗರೂಕತೆಯಿಂದ ಸಾವು ತಂದವನಿಗೆ ಹೆಚ್ಚೆಂದರೆ 2 ವರ್ಷ ಶಿಕ್ಷೆ, ಜಾಮೀನೂ ಸಿಗುತ್ತಿತ್ತು. ‘ನಾಲ್ಕು ದಿನ ಇದ್ದು ಬಾರಪ್ಪ’ ಅಂತ ಮಧ್ಯದವನು ಧೈರ್ಯವಾಗಿ ಹೇಳಬಹುದು. ಚಿತ್ರದಲ್ಲಿ ಅಚ್ಯುತ್ ಕುಮಾರ್ ಮಾಡಿರುವ ಪಾತ್ರ ಈ ಮಧ್ಯದವನದೇ. ಕಿರುಚುವುದಿಲ್ಲ, ಹೊಡೆಯುವುದಿಲ್ಲ, ಹೆಗಲ ಮೇಲೆ ಕೈಹಾಕಿ ಮಾತಾಡುವ ಜಾತಿ. ಒಳಗೆ ಹೋದವನನ್ನು ಹೊರಗೆ ತರಲು ವಕೀಲ ಬೇಕು, ದುಡ್ಡು ಬೇಕು, ಯಾರಾದರೂ ನೆನಪಿಟ್ಟುಕೊಂಡಿರಬೇಕು. ಇವು ಮೂರೂ ಇಲ್ಲದವರಿಂದಲೇ ನಮ್ಮ ಜೈಲು ತುಂಬಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ಕ್ಕೆ ಕೊಟ್ಟ ಲೆಕ್ಕದಲ್ಲಿ ದೇಶದ ಕೈದಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ಇನ್ನೂ ವಿಚಾರಣೆಯೇ ಮುಗಿಯದವರು.

ಇದು ಬರೀ ಸಿನಿಮಾ ಕತೆ ಅನ್ನುವವರು 2024ರ ಮೇ ತಿಂಗಳ ಪುಣೆಯನ್ನು ನೆನೆಸಿಕೊಳ್ಳಲಿ. ದುಬಾರಿ ಕಾರೊಂದು ಇಬ್ಬರು ಎಂಜಿನಿಯರುಗಳ ಜೀವ ತೆಗೆಯಿತು. ಕಾರು ಓಡಿಸುತ್ತಿದ್ದವನು ಶ್ರೀಮಂತರ ಮನೆಯ ಹುಡುಗ ಎಂದರು ಪೊಲೀಸರು. ತಪ್ಪು ತನ್ನದೆಂದು ಒಪ್ಪಿಕೊಳ್ಳುವಂತೆ ಮನೆಯ ಡ್ರೈವರನನ್ನು ಕೂಡಿಹಾಕಿ ಒತ್ತಾಯಿಸಿದರು ಎಂಬ ಆರೋಪದ ಮೇಲೆ ಹುಡುಗನ ಅಪ್ಪ, ತಾತ ಇಬ್ಬರ ಬಂಧನವೂ ಆಯಿತು. ಚಿತ್ರ ಬಂದು ಒಂದು ವರ್ಷವೂ ಆಗಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದ್ದರು. ಗುದ್ದಿ ಓಡಿಹೋದವನಿಗೆ 10 ವರ್ಷ ಎಂಬ ಹೊಸ ಕಲಮಿನ ವಿರುದ್ಧ. ಜುಲೈ 1ಕ್ಕೆ ಹೊಸ ಸಂಹಿತೆ ಬಂದಾಗ ಆ ಒಂದು ಉಪವಿಧಿಯನ್ನು ಮಾತ್ರ ಸರ್ಕಾರ ತಡೆಹಿಡಿಯಿತು. ಜನರ ಮಧ್ಯೆ ಸಿಕ್ಕಿಕೊಂಡರೆ ಹೊಡೆದು ಕೊಲ್ಲುತ್ತಾರೆಂಬ ಭಯಕ್ಕೆ ಓಡುವ ಲಾರಿಯವನನ್ನೂ, ಅಪ್ಪನ ಬಂಗಲೆಗೆ ಓಡುವ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿಡುವ ಕಾನೂನು ಎಂಥದು?

ಈ ಚಿತ್ರವನ್ನು ನಾವು ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ನಿಂತು ನೋಡುತ್ತಿದ್ದೇವೆ. ಯಾಕೆಂದರೆ ಮನುವಿನಂಥವರು ಸಾಲುಸಾಲಾಗಿ ಇರುವುದು ಇಲ್ಲಿ. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಮಧ್ಯಾಹ್ನದ ಹೊತ್ತು ಹೋಗಿ ನೋಡಿ, ಗೇಟಿನ ಹೊರಗೆ ಮರದ ನೆರಳಲ್ಲಿ ಡ್ರೈವರುಗಳು ಕಾಯುತ್ತಾ ಕೂತಿರುತ್ತಾರೆ. ಹಲಸೂರಿನ ಒಳಗಲ್ಲಿಗಳಿಂದ, ಮರ್ಫಿ ಟೌನಿನಿಂದ, ಕೆ.ಆರ್. ಪುರದ ಆಚೆಯಿಂದ ಬಂದವರು. ಈ ಕಾಯುವ ಕೆಲಸ ನಿನ್ನೆಯದಲ್ಲ. ಬ್ರಿಟಿಷರು 1809ರಲ್ಲಿ ಹಲಸೂರಿನ ಬಳಿ ದಂಡು ಹೂಡಿದಾಗ ದೊರೆಗಳ ಕುದುರೆ ತಿಕ್ಕಲು, ಅಡಿಗೆ ಮಾಡಲು, ಮಲ ಹೊರಲು ಜನ ಬೇಕಾದರು. ಹಾಗೆ ಬಂದವರಲ್ಲಿ ತಮಿಳು ಸೀಮೆಯ ದಲಿತರು ಬಹಳ. ಕುದುರೆಯ ಜಾಗಕ್ಕೆ ಕಾರು ಬಂತು, ಲಗಾಮು ಹೋಗಿ ಸ್ಟಿಯರಿಂಗ್ ಬಂತು. ಬಾಗಿಲ ಹೊರಗೆ ಕಾಯುವವರ ಜಾತಿ ಎಷ್ಟು ಬದಲಾಗಿದೆ?

ಚಿತ್ರ ಈ ಜಾತಿಯ ಮಾತನ್ನು ಎತ್ತುವುದೇ ಇಲ್ಲ. ಧಣಿಗೆ ಹೆಸರಿನ ಕೊನೆಯಲ್ಲಿ ಗೌಡ ಎಂದಿದೆ. ಮನುವಿಗೆ ಬರೀ ಮನು. ಅವನು ಯಾರ ಮಗ, ಯಾವ ಕೇರಿಯವನು, ಬೆನ್ನಿಗೆ ಯಾರಿದ್ದಾರೆ? ಪ್ರೇಮಿಗೆ ಜಾತಿಯಿಲ್ಲ ಎಂದು ನಿರ್ದೇಶಕರು ಭಾವಿಸಿರಬಹುದು. ಜೈಲಿಗಂತೂ ಜಾತಿ ಇತ್ತು. ಯಾವ ಜಾತಿಯವನು ಅಡಿಗೆ ಮಾಡಬೇಕು, ಯಾವನು ಕಕ್ಕಸು ತೊಳೆಯಬೇಕು ಎಂದು ಹೇಳುತ್ತಿದ್ದ ಹಲವು ರಾಜ್ಯಗಳ ಜೈಲು ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2024ರ ಅಕ್ಟೋಬರ್ 3ರಂದು. ಗಣರಾಜ್ಯಕ್ಕೆ ಎಪ್ಪತ್ತನಾಲ್ಕು ವರ್ಷ ತುಂಬಿದ ಮೇಲೆ!

ಹೊಗಳಬೇಕಾದ್ದನ್ನು ಹೊಗಳೋಣ. ‘ಸೈಡ್ ಎ’ಯ ಜೈಲು ಕನ್ನಡ ಸಿನಿಮಾದಲ್ಲಿ ಅಪರೂಪದ್ದು. ಅಲ್ಲಿ ಹೀರೋ ಹತ್ತು ಜನರನ್ನು ಹಾರಿಸಿ ಹೊಡೆಯುವುದಿಲ್ಲ, ಹೆದರುತ್ತಾನೆ, ಕುಗ್ಗುತ್ತಾನೆ. ಒಳಗೂ ಒಬ್ಬ ಧಣಿ ಇದ್ದಾನೆ, ರಮೇಶ್ ಇಂದಿರಾ ಅವರ ಸೋಮ. ಹೊರಗಿನ ಧಣಿಯಿಂದ ಒಳಗಿನ ಧಣಿಯ ಕೈಗೆ ಬೀಳುವ ಆಳಿನ ಪಾಡನ್ನು ಇಷ್ಟು ಸಮೀಪದಿಂದ ತೋರಿಸಿದ್ದಕ್ಕೆ ಚಿತ್ರತಂಡಕ್ಕೆ ಶರಣು.

‘ಸೈಡ್ ಬಿ’ಗೆ ಬರುವಾಗ ಆ ಕಣ್ಣು ಮಂಜಾಗುತ್ತದೆ. ಹತ್ತು ವರ್ಷ ಕಳೆದುಕೊಂಡವನು ಕೇಳಬೇಕಾದ ಲೆಕ್ಕ ಬಹಳವಿತ್ತು. ಆ ಲೆಕ್ಕಕ್ಕಿಂತ ಪ್ರಿಯಾಳ ಬೆನ್ನು ಹತ್ತುವುದೇ ದೊಡ್ಡ ಕತೆಯಾಗುತ್ತದೆ. ಮರೆಯಲ್ಲಿ ನಿಂತು ನೋಡುತ್ತಾನೆ, ಸೋತ ಗಂಡನನ್ನು ಎತ್ತಿ ನಿಲ್ಲಿಸುತ್ತಾನೆ, ಅವಳ ಬದುಕನ್ನು ಅವಳಿಗೇ ತಿಳಿಯದಂತೆ ರಿಪೇರಿ ಮಾಡುತ್ತಾನೆ. ಅವಳನ್ನು ಕೇಳಿದವರು ಯಾರು? ಒಬ್ಬ ಹಾಡುಗಾರ್ತಿ ಯಾಕೆ ಹಾಡು ಬಿಟ್ಟಳು, ಸಂಸಾರ ಅವಳ ಗಂಟಲನ್ನು ಹೇಗೆ ಹಿಸುಕಿತು ಎಂಬುದು ಇನ್ನೊಂದು ದೊಡ್ಡ ಕತೆ. ಅದು ಮನುವಿನ ಕಣ್ಣೀರಿಗೆ ಒಂದು ಕಾರಣವಾಗಿ ಮುಗಿದುಹೋಗುತ್ತದೆ. ಮೈ ಮಾರಿ ಬದುಕುವ ಸುರಭಿಯ ಪಾತ್ರ ಇನ್ನೂ ಕಷ್ಟದ್ದು. ಮೈಯನ್ನೇ ಮಾರಿದ ಇಬ್ಬರು ಎದುರುಬದುರು ಕೂತಿದ್ದಾರೆ, ಒಬ್ಬ ಜೈಲಿಗೆ ಮಾರಿದವನು, ಒಬ್ಬಳು ಹಾಸಿಗೆಗೆ. ಅವರಿಬ್ಬರ ಮಾತು ಎಲ್ಲಿಗೋ ಹೋಗಬಹುದಿತ್ತು. ಹೋಗದೆ ಅವಳೂ ಪ್ರಿಯಾಳ ನೆನಪಿಗೆ ಕನ್ನಡಿಯಾಗುತ್ತಾಳೆ. (ಸುರಭಿಯಾದ ಚೈತ್ರಾ ಆಚಾರ್ ನಿಜಜೀವನದಲ್ಲಿ ಸೊಗಸಾದ ಹಾಡುಗಾರ್ತಿ. ಹಾಡಬಲ್ಲವಳಿಗೆ ಹಾಡಿಲ್ಲದ ಪಾತ್ರ!)

ಸತ್ತವರನ್ನಂತೂ ಮರೆತೇಬಿಡುತ್ತೇವೆ. ಕಾರಿಗೆ ಸಿಕ್ಕ ಆ ಜೀವ ಕತೆಯನ್ನು ತಳ್ಳಿಕೊಟ್ಟು ಮಾಯವಾಗುತ್ತದೆ, ಅವರ ಮನೆಯ ಗತಿ ಏನಾಯಿತೆಂದು ಕೇಳಬೇಕೆಂದು ನೋಡುವವನಿಗೆ ಅನಿಸುವುದೇ ಇಲ್ಲ. ಶಂಕರ್ ನಾಗ್ ಅವರ ‘ಆ್ಯಕ್ಸಿಡೆಂಟ್’ ನೆನಪಾಯಿತು. 1985ರ ಸುಮಾರಿನ ಚಿತ್ರ, ಇದೇ ಬೆಂಗಳೂರು. ರಾಜಕಾರಣಿಯ ಮಗ ಅಮಲಿನಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸುತ್ತಾನೆ. ಅಲ್ಲಿ ಸತ್ತವರು ಚಿತ್ರ ಮುಗಿಯುವವರೆಗೂ ನಮ್ಮನ್ನು ಬಿಡುವುದಿಲ್ಲ. ಪ್ರೇಮ ಬೇಡ ಎನ್ನುತ್ತಿಲ್ಲ ನಾವು, ಬಡವನಿಗೇನು ಪ್ರೇಮ ಇಲ್ಲವೆ? ಆ ಪ್ರೇಮದ ಬೆಳಕು ರಸ್ತೆಯ ಮೇಲಿನ ಹೆಣಕ್ಕೂ ತಾಕಬೇಕಿತ್ತು.

ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ ಪದ್ಯದ್ದು. ನವ್ಯದ ಮೇಲೆ ನಮ್ಮವರಿಗೆ ಇದ್ದ ತಕರಾರು ಇಲ್ಲೂ ನಿಜ. ದೂರದ ಕಡಲು ಕರೆಯುವುದು ಕೇಳುತ್ತದೆ, ಪಕ್ಕದ ಗಲ್ಲಿ ಕೂಗುವುದು ಕೇಳುವುದಿಲ್ಲ. ಮನು ಪ್ರಿಯಾ ಕನಸಿದ್ದು ಒಂದು ಮನೆ. ಅವನು ಒಳಗಿದ್ದ ಆ ವರ್ಷಗಳಲ್ಲೇ, 2013ರ ಜನವರಿಯಲ್ಲಿ, ಇಂದಿರಾನಗರಕ್ಕೆ ದೂರವಲ್ಲದ ಈಜಿಪುರದಲ್ಲಿ ಬಡವರ ವಸತಿಗೆಂದು ಮೀಸಲಾಗಿದ್ದ ಜಾಗದಲ್ಲಿ ಸಾವಿರಾರು ಜನರ ಗುಡಿಸಲುಗಳನ್ನು ಬುಲ್ಡೋಜರ್ ಹರಿಸಿ ಕೆಡವಿದರು. ಅವರಲ್ಲಿ ದಲಿತರು ಬಹಳ. ಆ ಜಾಗದ ಯೋಜನೆಯಲ್ಲಿ ಮಾಲಿಗೂ ಪಾಲಿತ್ತು.

ಇನ್ನು ಕಳ್ಳ ಎಂಬ ಮಾತು. ಜೈಲು ಕಂಡವನನ್ನು ಊರು ಕಳ್ಳ ಅಂತಲೇ ಕರೆಯುತ್ತದೆ. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಇಡೀ ಇಡೀ ಜಾತಿಗಳನ್ನೇ ಹುಟ್ಟುಗಳ್ಳರು ಅಂದರು. 1952ರಲ್ಲಿ ಆ ಹಣೆಪಟ್ಟಿ ಕಾಗದದ ಮೇಲೆ ಅಳಿಸಿತು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಸಾಹುಕಾರನ ಕಡಲೆಕಾಯಿಯನ್ನು ರಾತ್ರೋರಾತ್ರಿ ತಿಂದು ಮುಗಿಸುತ್ತಾರೆ, ಬೆಳಗ್ಗೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಹಸಿದವರು ತಿಂದ ಕಾಯಿಗೆ ಪೊಲೀಸು, ತನಿಖೆ ಎಲ್ಲ ಉಂಟು. ಒಬ್ಬ ಡ್ರೈವರನ ಹತ್ತು ವರ್ಷ ಕದ್ದ ಮನೆಗೆ ಯಾವ ಪೊಲೀಸು ಹೋಯಿತು? ಶಾಲೆ ಕಾಲೇಜುಗಳಲ್ಲಿ ಈ ಚಿತ್ರ ತೋರಿಸುವ ಮೇಷ್ಟರುಗಳು ಇದ್ದಾರೆಂದು ಕೇಳಿದ್ದೇವೆ. ತೋರಿಸಲಿ. ದೀಪ ಹಾಕಿದ ಮೇಲೆ ಹುಡುಗರು ಕಣ್ಣೊರೆಸಿಕೊಳ್ಳುತ್ತಿರುವಾಗ, ಇದರಲ್ಲಿ ಕಳ್ಳ ಯಾರಪ್ಪ ಅಂತ ಒಂದು ಮಾತು ಕೇಳಿ ನೋಡಲಿ.