ಬರಿಗಲ್ಲಿನ ಮೋಹ

ಕೋಣೆಗೆ ತಿಳಿ ಬಣ್ಣ ಬಳಿಯಬೇಕೋ ಗಾಢ ಬಣ್ಣವೋ ಎಂಬ ಜಗಳಕ್ಕೆ ಶೇಡ್ ಕಾರ್ಡಿಗಿಂತ ಒಳ್ಳೆಯ ಸಾಕ್ಷಿ ಮಹಾರಾಷ್ಟ್ರದ ವೈಜಾಪುರದಿಂದ ಪೂರ್ವಕ್ಕೆ, ಅದೇ ಜಿಲ್ಲೆಯ ಎಲ್ಲೋರದಲ್ಲಿದೆ. ಅಲ್ಲಿನ 16ನೆಯ ಗುಹೆ, ಅಂದರೆ ಕೈಲಾಸ ದೇವಾಲಯ, ಎಂಟನೆಯ ಶತಮಾನದಲ್ಲಿ ಬಹುಮಟ್ಟಿಗೆ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ ರೂಪುಗೊಂಡಿತು. ಕೊರೆದದ್ದು ದಖ್ಖನ್ನಿನ ಕಪ್ಪು ಬಸಾಲ್ಟಿನಲ್ಲಿ. ನಾವಿಂದು ಮೆಚ್ಚುವುದು ಆ ಬರಿಗಲ್ಲಿನ ಗಾಂಭೀರ್ಯವನ್ನು. ಆದರೆ ಹಿಂದಿನವರು ಕಲ್ಲನ್ನು ಹಾಗೇ ಬಿಟ್ಟಿರಲಿಲ್ಲ. ಅದಕ್ಕೆ ಗಾರೆ ಮೆತ್ತಿ ಬಣ್ಣ ಹಚ್ಚಿದ್ದರು. ಅಲ್ಲಲ್ಲಿ ಬಿಳಿ ಗಾರೆಯ ಹಕ್ಕಳೆಗಳು, ಮುಖಮಂಟಪದ ಚಾವಣಿಯಲ್ಲಿ ಒಂದರ ಮೇಲೊಂದು ಪದರವಾಗಿ ಬರೆದ ಚಿತ್ರಗಳು ಇನ್ನೂ ಉಳಿದಿವೆ.

ಆ ಬಿಳಿ ಬಣ್ಣ ಕೈಲಾಸ ಪರ್ವತದ ಹಿಮವನ್ನು ನೆನಪಿಸಲೆಂದು ಬಳಿದದ್ದು ಎನ್ನುವ ವಿವರಣೆ ಹೊರಮೈಗೆ ಒಪ್ಪುತ್ತದೆ, ಒಳಗಿನ ಮಂಟಪಕ್ಕೆ ಸಾಲದು. 16 ಕಂಬಗಳ ಆ ಮಂಟಪಕ್ಕೆ ಬೆಳಕು ಬರುವುದು ಬದಿಗಳಿಂದ. ನೆಲಕ್ಕೆ ಬಿದ್ದ ಬೆಳಕು ಪುಟಿದು ಚಾವಣಿ ಮುಟ್ಟುವ ಮೊದಲೇ ಕರಿಗಲ್ಲು ಅದರ ಬಹುಪಾಲನ್ನು ನುಂಗುತ್ತದೆ. ಹೊಸ ಸುಣ್ಣವಾದರೋ ಬಿದ್ದದ್ದರಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಮರಳಿಸುತ್ತದೆ. ಹಾಗಾಗಿ ಅಲ್ಲಿ ಬಿಳಿ ಬರಿಯ ಅಲಂಕಾರವಲ್ಲ, ಬೆಳಕಿನ ಏರ್ಪಾಡೂ ಹೌದು.

ಬಿಳಿಗೂ ದೋಷವಿದೆ. ದೀಪದ ಮಸಿ, ಒರಗಿದವರ ತಲೆಯೆಣ್ಣೆ, ನೀರಿನ ಸಿಡಿತ ಯಾವುದನ್ನೂ ಅದು ಮುಚ್ಚಿಡದು. ಕನ್ನಡ ನಾಡಿನ ಹಳ್ಳಿಮನೆಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಮಲೆನಾಡಿನ ದೀವರ ಹೆಂಗಸರು ಇನ್ನೊಂದು ದಾರಿ ಹಿಡಿದರು. ಅವರ ಗೋಡೆಯೇ ಕೆಂಪು. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಹಸೆ ಚಿತ್ತಾರ. ಗಾಢ ನೆಲೆಯಿಲ್ಲದಿದ್ದರೆ ಆ ಸಣ್ಣ ಗೆರೆ ಕಾಣುವುದೇ ಇಲ್ಲ. ಅಂದರೆ ಗಾಢ ಬಣ್ಣಕ್ಕೆ ಮಾಡಲು ಒಂದು ಕೆಲಸವಿರಬೇಕು: ಕೊಳೆ ಮರೆಸುವುದು, ಇಲ್ಲವೇ ಚಿತ್ರವನ್ನು ಎತ್ತಿ ತೋರಿಸುವುದು.

ಈಗಿನ ಬೂದು-ಕಪ್ಪು ಹಜಾರಗಳಲ್ಲಿ ನನಗೆ ಕಾಣದಿರುವುದು ಇದೇ ಕೆಲಸ. ಒಂದೇ ಕಿಟಕಿಯ ಫ್ಲ್ಯಾಟಿನಲ್ಲಿ ನಾಲ್ಕೂ ಗೋಡೆಗೆ ಇದ್ದಿಲ ಬಣ್ಣ ಬಳಿದು, ಹಾಡುಹಗಲೇ ಎಲ್‌ಇಡಿ ಉರಿಸಿ, ಅದನ್ನು ಕಲ್ಲಿನ ಸೊಬಗು ಎನ್ನುವುದು ಗಾರೆ ಉದುರಿದ ಸ್ಥಿತಿಯನ್ನೇ ಶಿಲ್ಪಿಯ ಉದ್ದೇಶವೆಂದು ಭ್ರಮಿಸಿದಂತೆ. ನನ್ನ ಮತ ಹೀಗೆ: ಚಾವಣಿಗೂ ಕಿಟಕಿಯ ಎದುರು ಗೋಡೆಗೂ ತಿಳಿ ಬಣ್ಣ, ಕಿಟಕಿ ಇರುವ ಗೋಡೆಗೂ ಅದೇ, ಇಲ್ಲವಾದರೆ ಕತ್ತಲ ನಡುವಿನ ಬೆಳಕು ಕಣ್ಣು ಕುಕ್ಕುತ್ತದೆ. ಗಾಢ ಬಣ್ಣ ಬೇಕೇಬೇಕೆಂದರೆ ಗೋಡೆಯ ಬುಡವಿದೆ, ಒಂದು ಪಕ್ಕದ ಗೋಡೆಯಿದೆ.