ಅರಿವು, ಅನುಭವ ಮತ್ತು ಪ್ರಮಾಣ

ಜ್ಞಾನವೆಂದರೇನೆಂಬ ಪ್ರಶ್ನೆ ಎದುರಾದೊಡನೆ, ಅನುಭವವೇ ಜ್ಞಾನ, ಅನುಭವಕ್ಕೆ ಬೇರೆ ಪ್ರಮಾಣ ಬೇಡ ಎಂದು ವಚನಗಳ ಹೆಸರಿನಲ್ಲಿ ಉತ್ತರಿಸುವುದುಂಟು. ಕೇಳಲು ಹಿತವಾದ ಈ ಉತ್ತರವು ಶರಣರಿಗೆ ನ್ಯಾಯ ಸಲ್ಲಿಸುವುದೇ ಎಂಬುದು ವಿಚಾರಾರ್ಹವಾಗಿದೆ.

ಪಾಶ್ಚಾತ್ಯರಲ್ಲಿ ಈ ಚರ್ಚೆ ಪ್ರಾಚೀನವಾದುದು. ಸಕಾರಣವಾದ ಸತ್ಯಾಭಿಪ್ರಾಯವೇ ಜ್ಞಾನವೆಂಬ ಲಕ್ಷಣವನ್ನು ಪ್ಲೇಟೋ ತನ್ನ 'ಥಿಯೇಟೀಟಸ್' ಸಂವಾದದಲ್ಲಿ ಪರೀಕ್ಷಿಸಿ, ಅದು ನಿಲ್ಲದೆಂದು ತೋರಿಸಿದನು. ಆದರೂ ಅದಕ್ಕೆ ಸಮೀಪವಾದ ಲಕ್ಷಣವನ್ನೇ 20ನೆಯ ಶತಮಾನದ ಕೆಲವು ತತ್ತ್ವಜ್ಞರು ಅಂಗೀಕರಿಸಿದ್ದರು. 1963ರಲ್ಲಿ ಎಡ್ಮಂಡ್ ಗೆಟಿಯರ್ ಅವರು ಮೂರೇ ಪುಟಗಳ ಲೇಖನದಿಂದ ಅದನ್ನು ಅಲುಗಿಸಿದರು. ಒಂದು ಉದ್ಯೋಗಕ್ಕೆ ಇಬ್ಬರು ಅಭ್ಯರ್ಥಿಗಳು. ಕೆಲಸ ಎರಡನೆಯವನಿಗೆಂದು ಮೊದಲನೆಯವನು ಅಧಿಕಾರಿಯಿಂದ ಕೇಳಿದ್ದಾನೆ. ಅವನ ಜೇಬಿನಲ್ಲಿರುವ ಹತ್ತು ನಾಣ್ಯಗಳನ್ನೂ ಎಣಿಸಿದ್ದಾನೆ. ಆದುದರಿಂದ, ಕೆಲಸ ಪಡೆಯುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆಯೆಂದು ನಂಬುತ್ತಾನೆ. ಕೊನೆಗೆ ಕೆಲಸ ದೊರೆತುದು ಅವನಿಗೇ; ಅವನಿಗೆ ತಿಳಿಯದಂತೆ ಅವನ ಜೇಬಿನಲ್ಲಿಯೂ ಹತ್ತೇ ನಾಣ್ಯಗಳಿದ್ದುವು! ನಂಬಿಕೆ ಸತ್ಯ, ಕಾರಣವೂ ಉಂಟು. ಆದರೆ ಅದು ಜ್ಞಾನವಲ್ಲ.

ಭಾರತೀಯರಿಗೆ ಈ ತೊಡಕು ಹೊಸದಲ್ಲ. ತತ್ತ್ವದ ಅನುಭೂತಿಯೇ ಪ್ರಮೆಯೆಂಬ ನೈಯಾಯಿಕ ಲಕ್ಷಣವನ್ನು, ಶರಣರ ಶತಮಾನದವನೇ ಆದ ಶ್ರೀಹರ್ಷನು 'ಖಂಡನಖಂಡಖಾದ್ಯ'ದಲ್ಲಿ ಖಂಡಿಸಿದ್ದಾನೆ. ಮುಚ್ಚಿದ ಮುಷ್ಟಿಯಲ್ಲಿ ಕವಡೆಗಳೆಷ್ಟೆಂದು ಕೇಳಿದಾಗ ಒಬ್ಬನು ಐದೆಂದು ಊಹಿಸುತ್ತಾನೆ, ಇದ್ದುವೂ ಐದೇ. ಕಾಕತಾಳೀಯವಾಗಿ ಸರಿಯಾದ ಈ ತಿಳಿವಳಿಕೆಯನ್ನು ಪ್ರಮೆಯೆನ್ನಬಹುದೆ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನ್ಯಾಯಶಾಸ್ತ್ರದ ಅನುಭವವೆಂದರೆ ಸ್ಮೃತಿಯಲ್ಲದ ತಿಳಿವು. ಅದು ಯಥಾರ್ಥವೂ ಆಗಬಹುದು, ಅಯಥಾರ್ಥವೂ ಆಗಬಹುದು. ವಚನಗಳ ಅನುಭಾವವಾದರೋ ಸಾಧಕನ ಬಾಳನ್ನೇ ಮಾರ್ಪಡಿಸುವ ಅರಿವು. ಎರಡನ್ನೂ ಒಂದೆಂದು ಭಾವಿಸಿ, ವಚನಕಾರರು ನೈಯಾಯಿಕರ ಸಮಸ್ಯೆಯನ್ನು ಪರಿಹರಿಸಿದರೆಂದು ಕೊಂಡಾಡುವುದು ಶಬ್ದಸಾಮ್ಯದಿಂದ ಹುಟ್ಟಿದ ಭ್ರಾಂತಿ.

ಅರಿವಿಗೆ ಆಚಾರವೇ ಒರೆಗಲ್ಲು ಎಂದು ಸಮಾಧಾನ ಹೇಳಬಹುದು. ನುಡಿಗೆ ತಕ್ಕ ನಡೆಯನ್ನು ಬೇಡುವುದು ಶರಣಧರ್ಮದ ಹಿರಿಮೆಯೇ ಸರಿ. ಆದರೆ ನಡೆಯೂ ರೂಢಿಯಿಂದಲೋ ಅನುಕರಣದಿಂದಲೋ ಸರಿಯಾಗಿರಬಹುದಲ್ಲವೆ? ಆಗ ಅದೂ ಮುಷ್ಟಿಯ ಕವಡೆಯಂತೆಯೇ. ನಡೆ ತಪ್ಪಿದಲ್ಲಿ ಅರಿವಿಲ್ಲವೆನ್ನಬಹುದು. ನಡೆ ಸರಿಯಿದ್ದ ಮಾತ್ರಕ್ಕೆ ಅರಿವು ಉಂಟೆನ್ನಲಾಗದು.

ಈ ಸೂಕ್ಷ್ಮವನ್ನು 'ಶೂನ್ಯಸಂಪಾದನೆ' ಬಲ್ಲುದು. ಅದು 15ನೆಯ ಶತಮಾನದಿಂದೀಚೆಗೆ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಕೃತಿ. ಕಲ್ಯಾಣದಲ್ಲಿ ನಡೆದ ಗೋಷ್ಠಿಯ ವರದಿಯಲ್ಲ. ಆದರೂ ಸಂಪಾದನಕಾರರು ಆರಿಸಿಕೊಂಡ ಕ್ರಮ ಅರ್ಥಪೂರ್ಣವಾಗಿದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರ ನಡೆಯಲ್ಲಿ ದೋಷವೇನೂ ಕಾಣದು. ಆದರೂ ಅಲ್ಲಮಪ್ರಭುದೇವರು ಅವರನ್ನು ಕೆಣಕಿ ಪ್ರಶ್ನಿಸುತ್ತಾರೆ. ಮಹಾದೇವಿಯಕ್ಕನಂಥ ವಿರಾಗಿಣಿಯೂ ಪ್ರಶ್ನೆಗಳನ್ನು ಹಾಯ್ದೇ ಗೋಷ್ಠಿಯಲ್ಲಿ ಮಾನ್ಯಳಾಗಬೇಕಾಯಿತು. ಪ್ರಶ್ನಿಸುವ ಪ್ರಭುದೇವರಿಗೂ ವಿನಾಯಿತಿಯಿಲ್ಲ. ಅಜಗಣ್ಣನ ಅಗಲಿಕೆಯಿಂದ ನೊಂದ ಮುಕ್ತಾಯಕ್ಕನು ಅವರ ಮಾತನ್ನೇ ಮರಳಿ ಪ್ರಶ್ನಿಸುತ್ತಾಳೆ. ತನಗೆ ಅನುಭವವಾಗಿದೆಯೆಂಬ ಹೇಳಿಕೆಯನ್ನು ಅಲ್ಲಿ ಯಾರೂ ಕೊನೆಯ ಪ್ರಮಾಣವೆಂದು ಒಪ್ಪುವುದಿಲ್ಲ.

ಹೀಗಿರಲು, ಅನುಭವವನ್ನು ಪರೀಕ್ಷೆಗೆ ಅತೀತವೆಂದು ಸಾರುವವರು ಶರಣರ ಮಾರ್ಗವನ್ನು ಎತ್ತಿಹಿಡಿಯುವುದಿಲ್ಲ. ಅದರ ಜೀವಾಳವನ್ನೇ ಕೈಬಿಡುತ್ತಾರೆ. ಪ್ರಶ್ನೆಗೆ ಅಂಜುವ ಅನುಭವವು ಅಧಿಕಾರದ ಆಸನವಾಗಬಹುದೇ ಹೊರತು ಅರಿವಾಗದು. ಯಾವುದು ಜ್ಞಾನವೆಂಬ ಚರ್ಚೆಯನ್ನು ವಚನಗಳು ಮುಗಿಸಿಲ್ಲ. ವಾದಮಂಟಪದಿಂದ ಅದನ್ನು ಬಾಳಿನೊಳಕ್ಕೆ ತಂದು, ಗುರುವನ್ನೂ ಅದಕ್ಕೆ ಹೊಣೆಯಾಗಿಸಿವೆ. ವಚನಾಭ್ಯಾಸಿಗಳು ಉಳಿಸಿಕೊಳ್ಳಬೇಕಾದುದು ಈ ಹೊಣೆಯನ್ನು.