ಹದ ಮಾಡುವ ಸಣ್ಣ ಅಣು

ಮಾನ್ವಿ, ದೇವದುರ್ಗದ ಕಡೆ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವವರು ಮೊದಲು ಕುಂಟೆ ಹೊಡೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಾರೆ. ಹದ ತಪ್ಪಿದರೆ ಒಳ್ಳೆಯ ಬೀಜವೂ ಮೊಳೆಯದು. ಗರ್ಭಕೋಶದ ಒಳಪದರಕ್ಕೂ ಇಂಥದೇ ಹದವಿದೆ. ಅಂಡ ಬಿಡುಗಡೆಯಾದ ಮೇಲೆ ಸುಮಾರು 6ರಿಂದ 10 ದಿನಗಳ ನಡುವೆ ಮಾತ್ರ ಅದು ಭ್ರೂಣವನ್ನು ಬರಮಾಡಿಕೊಳ್ಳುತ್ತದೆ.

ಈ ಸಿದ್ಧತೆಯಲ್ಲಿ ಕೈಜೋಡಿಸುವ ಮೈಕ್ರೋ ಆರ್‌ಎನ್‌ಎ ಎಂಬ ಸಣ್ಣ ಅಣು ನನಗೆ ದೊಡ್ಡ ಬೆರಗು. ಉದ್ದ ಸುಮಾರು 22 ರಾಸಾಯನಿಕ ಅಕ್ಷರಗಳಷ್ಟೇ. ತಾನಾಗಿ ಯಾವ ಪ್ರೋಟೀನನ್ನೂ ಕಟ್ಟುವುದಿಲ್ಲ. ಪ್ರೋಟೀನು ಕಟ್ಟಲು ಹೊರಟ ಸಂದೇಶವನ್ನು ಹಿಡಿದು ತಗ್ಗಿಸುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನು ಅಪ್ಪಣೆ ಕೊಟ್ಟರೆ, ಯಾವ ಜೀನಿನ ದನಿ ಎಷ್ಟಿರಬೇಕೆಂದು ಇದು ತಿದ್ದುತ್ತದೆ. ಒಳಪದರ ಸ್ರವಿಸುವ ‘ಮಿರ್-30ಡಿ’ ಎಂಬ ಮೈಕ್ರೋ ಆರ್‌ಎನ್‌ಎಯನ್ನು ಭ್ರೂಣ ಒಳಗೆಳೆದುಕೊಳ್ಳುತ್ತದೆಂದು 2015ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದರು. ಒಡಲಿಗೆ ಅಂಟುವ ಮೊದಲೇ ತಾಯಿ–ಮಗುವಿನ ಮಾತುಕತೆ! ಬಸಿರು ನಿಲ್ಲದ ಹೆಣ್ಣನ್ನು ಬಂಜೆ ಎಂದು ಹಳಿಯುವ ಬಾಯಿಗಳು ಈ ಸೂಕ್ಷ್ಮವನ್ನು ಒಮ್ಮೆ ಅರಿಯಬೇಕು.

ಇಂಥ ಅಣುವನ್ನು 1993ರಲ್ಲಿ ವಿಜ್ಞಾನಿ ವಿಕ್ಟರ್ ಆಂಬ್ರೋಸ್ ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಈ ಅಣುವಿನ ಶೋಧಕ್ಕಾಗಿ ಅವರಿಗೂ ಗ್ಯಾರಿ ರುವ್‌ಕುನ್ ಅವರಿಗೂ 2024ರಲ್ಲಿ ನೊಬೆಲ್ ಬಂತು.